ಐಬಿ ಓದಿದರೆ ಸಿಇಟಿ, ನೀಟ್ ಕೈತಪ್ಪುತ್ತದೆಯೇ?

ಪ್ರಶ್ನೆ: ನಮ್ಮದು ಗಂಗಾವತಿ. ಅಕ್ಕಿ ಗಿರಣಿ ನಡೆಸುತ್ತೇವೆ. ಮಗಳು ಊರ ಪಕ್ಕದ ಹಳ್ಳಿಯಲ್ಲಿರುವ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಒಂದನೇ ತರಗತಿಯಿಂದ ಓದಿ ಈಗ ಎಸ್ಸೆಸ್ಸೆಲ್ಸಿಗೆ ಬಂದಿದ್ದಾಳೆ. ಅರ್ಧವಾರ್ಷಿಕದಲ್ಲಿ ನೂರಕ್ಕೆ 93 ಬಂದಿದೆ. ಬೆಂಗಳೂರಿನಲ್ಲಿರುವ ನನ್ನ ಭಾವಮೈದ ‘ಪಿಯುಸಿ ಬ್ಯಾಡ, ಐಬಿ ಅಂದ್ರ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಓದಿಗೆ ಹಾಕ್ರಿ, ಫಾರಿನ್ ಯೂನಿವರ್ಸಿಟಿ ಡೈರೆಕ್ಟ್ ಸಿಗ್ತದ’ ಎನ್ನುತ್ತಾರೆ. ರಾಯಚೂರಿನ ಷಡ್ಡಕರು ‘ಐಬಿಗೆ ಕರ್ನಾಟಕದಾಗ ಕಿಮ್ಮತ್ತಿಲ್ಲ, ಸಿಇಟಿ ಬರಿಯಾಕ ಬಿಡಂಗಿಲ್ಲ, 371-ಜೆ ಮೀಸಲಾತಿ ಹೋಗ್ತದ’ ಎಂದು ಹೆದರಿಸುತ್ತಾರೆ. ಹೈದರಾಬಾದಿನಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು ಶಾಲೆ ನೋಡಿ ಬಂದೆವು. ಹಾಸ್ಟೆಲ್ ಸೇರಿ ವರ್ಷಕ್ಕೆ 12 ಲಕ್ಷ ಹೇಳಿದ್ದಾರೆ. ಮಗಳು ಒಂದು ದಿನ ಡಾಕ್ಟರ್ ಆಗುತ್ತೇನೆ ಎನ್ನುತ್ತಾಳೆ, ಇನ್ನೊಂದು ದಿನ ಕಂಪ್ಯೂಟರ್ ಎನ್ನುತ್ತಾಳೆ. ಎರಡೂ ಬಾಗಿಲು ತೆರೆದಿರಲಿ ಎಂದು ಐಬಿಗೆ ಸೇರಿಸಿದರೆ ತಪ್ಪೇ?

ಉತ್ತರ: ನಿಮ್ಮ ಭಾವಮೈದ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಷಡ್ಡಕರು ಹೇಳಿದ್ದರಲ್ಲಿ ಅಷ್ಟೂ ಇಲ್ಲ. ಆದರೆ ನಿಮ್ಮ ಪತ್ರದ ತೂಕವೆಲ್ಲ ಕೊನೆಯ ಸಾಲಿನಲ್ಲಿದೆ. ಎರಡೂ ಬಾಗಿಲು ತೆರೆದಿರಲಿ ಎಂದು ಐಬಿಗೆ ಸೇರಿಸುವವರು ಬಹಳ ಮಂದಿ. ಹನ್ನೊಂದನೇ ತರಗತಿಯ ಮೊದಲ ವಾರ ವಿಷಯಗಳ ಚೀಟಿ ತುಂಬಿಕೊಡುವಾಗಲೇ ಅದರಲ್ಲೊಂದು ಬಾಗಿಲು ಮುಕ್ಕಾಲು ಮುಚ್ಚಿರುತ್ತದೆ. ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡು ಎರಡು ವರ್ಷ ಯೋಚಿಸಬಹುದು. ಐಬಿಯಲ್ಲಿ ಆ ಸೌಲಭ್ಯ ಸುಲಭಕ್ಕಿಲ್ಲ. ಯಾಕೆ ಎಂದು ನೋಡೋಣ.

ಐಬಿ ಡಿಪ್ಲೊಮಾ ಎಂದರೆ ಏನೇನು

ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಹುಟ್ಟಿತು. ಅದರ ಡಿಪ್ಲೊಮಾ ಎರಡು ವರ್ಷದ ಓದು, ನಮ್ಮ 11 ಮತ್ತು 12ನೇ ತರಗತಿಯ ಜಾಗದಲ್ಲಿ. ವಿದ್ಯಾರ್ಥಿ ಆರು ವಿಷಯ ಓದಬೇಕು: ಮೊದಲ ಭಾಷೆ ಮತ್ತು ಸಾಹಿತ್ಯ, ಎರಡನೇ ಭಾಷೆ, ಅರ್ಥಶಾಸ್ತ್ರ ಅಥವಾ ಇತಿಹಾಸದಂಥ ಒಂದು ಸಮಾಜ ವಿಷಯ, ಒಂದು ವಿಜ್ಞಾನ, ಗಣಿತ, ಆರನೆಯದು ಕಲೆ. ಕಲೆ ಬೇಡವೆಂದರೆ ಆ ಜಾಗಕ್ಕೆ ಇನ್ನೊಂದು ವಿಜ್ಞಾನವನ್ನೋ ಇನ್ನೊಂದು ಸಮಾಜ ವಿಷಯವನ್ನೋ ತರಬಹುದು. ಆರರಲ್ಲಿ ಮೂರನ್ನು ಹೈಯರ್ ಲೆವೆಲ್‌ನಲ್ಲಿ, ಅಂದರೆ ಎಚ್‌ಎಲ್‌ನಲ್ಲಿ, ತಲಾ 240 ಗಂಟೆ ಓದಬೇಕು. ಉಳಿದ ಮೂರು ಸ್ಟ್ಯಾಂಡರ್ಡ್ ಲೆವೆಲ್, ಎಸ್‌ಎಲ್, ತಲಾ 150 ಗಂಟೆ.

ಪ್ರತಿ ವಿಷಯಕ್ಕೆ 1ರಿಂದ 7ರವರೆಗೆ ಅಂಕ. ಆರು ಏಳಲೆ 42. ಉಳಿದ 3 ಅಂಕ ಎರಡು ಕೆಲಸಗಳಿಂದ ಬರುತ್ತವೆ: 4000 ಪದ ಮೀರದ ಒಂದು ಸಂಶೋಧನಾ ಪ್ರಬಂಧ, ಮತ್ತು ‘ನಮಗೆ ಗೊತ್ತಿರುವುದು ಹೇಗೆ ಗೊತ್ತಾಯಿತು’ ಎಂದು ವಿಚಾರ ಮಾಡಿಸುವ ಟಿಒಕೆ. ಇವೆರಡರ ಜೊತೆ ಸಿಎಎಸ್ ಎಂಬ ಕಲೆ, ಆಟ, ಸೇವೆಯ ಕೆಲಸವಿದೆ. ಅದಕ್ಕೆ ಅಂಕವಿಲ್ಲ, ಆದರೆ ಮುಗಿಸದಿದ್ದರೆ ಡಿಪ್ಲೊಮಾ ಇಲ್ಲ. ಒಟ್ಟು 45ಕ್ಕೆ 24 ಬಂದರೆ ಪಾಸು ಎಂದು ಶಾಲೆಯವರು ಹೇಳಿರುತ್ತಾರೆ. ಅದರ ಹಿಂದಿನ ಷರತ್ತು ಕೇಳಿ ನೋಡಿ. ಮೂರು ಎಚ್‌ಎಲ್‌ಗಳಲ್ಲಿ ಸೇರಿ ಕನಿಷ್ಠ 12 ಬರಬೇಕು, ಎಸ್‌ಎಲ್‌ಗಳಲ್ಲಿ 9. ಯಾವ ವಿಷಯದಲ್ಲೂ 1 ಬರಬಾರದು. ಪ್ರಬಂಧದಲ್ಲಾಗಲಿ ಟಿಒಕೆಯಲ್ಲಾಗಲಿ ‘ಇ’ ಶ್ರೇಣಿ ಬಂದರೆ ಒಟ್ಟು 30 ಇದ್ದರೂ ಡಿಪ್ಲೊಮಾ ಕೈಗೆ ಬರುವುದಿಲ್ಲ. ಜಗತ್ತಿನ ಸರಾಸರಿಯೇ 45ಕ್ಕೆ 30ರ ಆಸುಪಾಸು. ಎಸ್ಸೆಸ್ಸೆಲ್ಸಿಯ 93 ನೋಡಿ ‘ನಮ್ಮ ಹುಡುಗಿಗೆ 42 ಖಾತ್ರಿ’ ಎಂದು ಲೆಕ್ಕ ಹಾಕಬೇಡಿ. ಅವೆರಡೂ ಬೇರೆ ತಕ್ಕಡಿ.

ಬಾಯಿಪಾಠ ಇಲ್ಲ, ಹಾಗಾಗಿ ಸಲೀಸು ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬೇಕು. ಗೈಡ್ ಓದಿ ದಾಟುವ ದಾರಿ ಇಲ್ಲ ಎಂಬುದು ನಿಜ. ಅದಕ್ಕೇ ಕಷ್ಟ. ಭೌತ, ರಸಾಯನ, ಜೀವಶಾಸ್ತ್ರ ಮತ್ತು ಗಣಿತದಲ್ಲಿ ತಲಾ 20 ಭಾಗ ಅಂಕ ವಿದ್ಯಾರ್ಥಿ ಸ್ವಂತ ಪ್ರಶ್ನೆ ಹಾಕಿಕೊಂಡು ಮಾಡುವ ಪ್ರಯೋಗ ಅಥವಾ ಅನ್ವೇಷಣೆಗೆ. ಅದನ್ನು ಐಎ ಎನ್ನುತ್ತಾರೆ. ಬೇರೆಯವರು ಬರೆದುಕೊಟ್ಟದ್ದೋ ಕಂಪ್ಯೂಟರ್ ಬರೆದುಕೊಟ್ಟದ್ದೋ ಎಂದು ಸಾಬೀತಾದರೆ ಆ ವಿಷಯಕ್ಕೆ ಅಂಕವೇ ಸಿಗದೆ ಡಿಪ್ಲೊಮಾ ಹೋಗಬಹುದು.

ಷಡ್ಡಕರ ಮೂರು ಹೆದರಿಕೆ

ಕಿಮ್ಮತ್ತಿಲ್ಲ ಎಂಬುದು ಸುಳ್ಳು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಎಂದರೆ ಎಐಯು, ಐಬಿ ಡಿಪ್ಲೊಮಾವನ್ನು 12ನೇ ತರಗತಿಗೆ ಸಮ ಎಂದು ಒಪ್ಪಿದೆ. ಪೂರ್ತಿ ಡಿಪ್ಲೊಮಾಕ್ಕೆ 24 ಅಂಕದ ಷರತ್ತಿದೆ. ಡಿಪ್ಲೊಮಾ ತಪ್ಪಿ ಬಿಡಿ ವಿಷಯಗಳ ಅಂಕಪಟ್ಟಿ ಮಾತ್ರ ಕೈಯಲ್ಲಿ ಉಳಿದರೆ ಅದಕ್ಕೆ ಸಮಾನತೆ ಸಿಗುತ್ತದೆಯೇ ಎಂದು ಎಐಯುವಿನಲ್ಲೇ ಕೇಳಿ ತಿಳಿಯಬೇಕು.

ಸಿಇಟಿ ಬರೆಯಲು ಬಿಡುವುದಿಲ್ಲ ಎಂಬುದೂ ತಪ್ಪು. ಪರೀಕ್ಷಾ ಪ್ರಾಧಿಕಾರ ಬಹುಪಾಲು ಮಕ್ಕಳಿಗೆ ಅನ್ವಯಿಸುವ ನಿಯಮದಲ್ಲಿ ಕೇಳುವುದು ಎರಡು: ಒಂದರಿಂದ ಹನ್ನೆರಡರೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯ ಶಾಲೆಯಲ್ಲಿ ಓದಿರಬೇಕು, ಮತ್ತು ಹತ್ತನೆಯದನ್ನೋ ಹನ್ನೆರಡನೆಯದನ್ನೋ ಕರ್ನಾಟಕದಲ್ಲಿ ಪಾಸಾಗಿರಬೇಕು. ನಿಮ್ಮ ಮಗಳು ಹತ್ತು ವರ್ಷ ಇಲ್ಲೇ ಓದಿ ಇಲ್ಲೇ ಎಸ್ಸೆಸ್ಸೆಲ್ಸಿ ಮುಗಿಸುತ್ತಾಳೆ. ಮುಂದಿನ ಎರಡು ವರ್ಷ ಹೈದರಾಬಾದಿನಲ್ಲಿ ಕಳೆದರೂ ಈ ಅರ್ಹತೆ ಉಳಿಯುತ್ತದೆ. ಇಡೀ ಶಾಲೆಯನ್ನೇ ಹೊರರಾಜ್ಯದಲ್ಲಿ ಓದಿದ ಮಕ್ಕಳ ಕಥೆ ಬೇರೆ. ಷಡ್ಡಕರು ಕೇಳಿದ್ದು ಅಂಥ ಯಾರದೋ ಸುದ್ದಿ ಇರಬೇಕು.

371-ಜೆ ವಿಷಯ. ಇದು ಯಾವ ಪರೀಕ್ಷಾ ಮಂಡಳಿಯ ಪಠ್ಯ ಓದಿದರು ಎಂದು ನೋಡುವುದಿಲ್ಲ, ಮನುಷ್ಯ ಎಲ್ಲಿಯವನು ಎಂದು ನೋಡುತ್ತದೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವ್ಯಕ್ತಿ ಎಂಬ ಪ್ರಮಾಣಪತ್ರ ಹುಟ್ಟು ಮತ್ತು ವಾಸದ ಆಧಾರದ ಮೇಲೆ ಸಹಾಯಕ ಆಯುಕ್ತರಿಂದ ಸಿಗುತ್ತದೆ. ಈ ಭಾಗದ ಕಾಲೇಜುಗಳಲ್ಲಿ 70 ಭಾಗ, ರಾಜ್ಯದ ಉಳಿದ ಕಡೆ 8 ಭಾಗ ಸೀಟು ಸ್ಥಳೀಯರಿಗೆ ಮೀಸಲು. ಐಬಿ ಓದಿದ್ದಕ್ಕೆ ಅದು ಕಳೆಯುವುದಿಲ್ಲ. ಅದೇ ರೀತಿ ಗ್ರಾಮೀಣ ಕೋಟಾ ಕೂಡ ಒಂದರಿಂದ ಹತ್ತರವರೆಗಿನ ಓದಿಗೆ ಕಟ್ಟಿದ್ದು. ಶಾಲೆ ಹಳ್ಳಿ ವ್ಯಾಪ್ತಿಯಲ್ಲಿದ್ದರೆ ಆ ಹಕ್ಕು ಈಗಾಗಲೇ ಗಳಿಕೆಯಾಗಿದೆ. ಆದರೆ ಅದಕ್ಕೆ ಆದಾಯ ಮಿತಿಯ ನಿಯಮವೂ ಅಡ್ಡ ಬರಬಹುದು. ಗಿರಣಿ ನಡೆಸುವವರು ಆ ಕೋಟಾವನ್ನು ಲೆಕ್ಕಕ್ಕೆ ಹಿಡಿಯುವ ಮುನ್ನ ಆಡಿಟರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ನಿಜವಾದ ತೊಡಕು: ಕ್ಯಾಲೆಂಡರ್

ಕಾಗದದ ಮೇಲೆ ಹಕ್ಕೆಲ್ಲ ಉಳಿಯಿತು. ಹಾಗಾದರೆ ಐಬಿ ಮಕ್ಕಳು ಸಿಇಟಿ, ನೀಟ್ ಸೀಟುಗಳಲ್ಲಿ ಯಾಕೆ ವಿರಳ? ದಿನಾಂಕ ನೋಡಿ, ಉತ್ತರ ಸಿಗುತ್ತದೆ.

ಭಾರತದ ಐಬಿ ಶಾಲೆಗಳು ಬಹುತೇಕ ಮೇ ಪರೀಕ್ಷೆಗೆ ಕೂರಿಸುತ್ತವೆ. ಅದು ಏಪ್ರಿಲ್ ಕೊನೆಯ ವಾರ ಶುರುವಾಗಿ ಮೇ ಮೂರನೇ ವಾರದ ಹೊತ್ತಿಗೆ ಮುಗಿಯುತ್ತದೆ. ಫಲಿತಾಂಶ ಜುಲೈ 5ರ ಸುಮಾರಿಗೆ. ಈಗ ನಮ್ಮ ಕಡೆಯ ಪರೀಕ್ಷೆಗಳನ್ನು ಪಕ್ಕಕ್ಕಿಟ್ಟು ನೋಡಿ. 2025ರಲ್ಲಿ ಸಿಇಟಿ ಏಪ್ರಿಲ್ 16 ಮತ್ತು 17ರಂದು ನಡೆಯಿತು. ನೀಟ್ ಮೇ 4ರಂದು, ಐಐಟಿ ಪ್ರವೇಶದ ಜೆಇಇ ಅಡ್ವಾನ್ಸ್ಡ್ ಮೇ 18ರಂದು. ಅಂದರೆ ಐಬಿಯ ಅಂತಿಮ ಪರೀಕ್ಷೆಗೆ ಒಂದು ವಾರ ಮುಂಚೆ ಸಿಇಟಿ, ಪರೀಕ್ಷೆ ನಡೆಯುತ್ತಿರುವಾಗಲೇ ನೀಟ್, ಅದು ಮುಗಿಯುವ ಹೊತ್ತಿಗೆ ಅಡ್ವಾನ್ಸ್ಡ್. ಪಿಯು ಮಕ್ಕಳು ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ ಮುಗಿಸಿ, ನೀಟ್‌ಗೆ ಒಂದು ತಿಂಗಳಿಗಿಂತ ಹೆಚ್ಚು ಹೊತ್ತು ಅದೊಂದನ್ನೇ ಹಿಡಿದು ಕೂತಿರುತ್ತಾರೆ. ಐಬಿ ಹುಡುಗಿಗೆ ಆ ದಿನಗಳಿಲ್ಲ.

ಎರಡನೇ ಪೆಟ್ಟು ಫಲಿತಾಂಶದ ತಡ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕ್‌ನಲ್ಲಿ ಅರ್ಧ ಪಾಲು ಸಿಇಟಿ ಅಂಕದ್ದು, ಇನ್ನರ್ಧ ಪಾಲು 12ನೇ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದ್ದು. 2025ರಲ್ಲಿ ಸಿಇಟಿ ಫಲಿತಾಂಶ ಮೇ ತಿಂಗಳಲ್ಲೇ ಬಂತು. ಐಬಿ ಅಂಕ ಇಲ್ಲದೆ ರ‍್ಯಾಂಕ್ ಕಟ್ಟಲಾಗದು, ಆ ಅಂಕ ಬರುವುದೋ ಜುಲೈನಲ್ಲಿ. ಬಂದಮೇಲೂ 7, 6, 5 ಎಂಬ ಅಂಕಗಳನ್ನು ಶೇಕಡಾವಾರಿಗೆ ಪರಿವರ್ತಿಸಿ ದಾಖಲೆ ಕೊಡಬೇಕು. ಆ ಪರಿವರ್ತನೆಯಲ್ಲಿ 5 ಎಂದರೆ ಎಪ್ಪತ್ತರಿಂದ ಎಂಬತ್ತರ ಆಸುಪಾಸು. ಐಬಿಯಲ್ಲಿ 5 ಗೌರವದ ಅಂಕ. ಸಿಇಟಿ ಪಟ್ಟಿಯಲ್ಲಿ ನೂರಕ್ಕೆ 95 ತಂದ ಪಿಯು ಮಕ್ಕಳ ಸಾಲಿನ ಪಕ್ಕ ನಿಂತರೆ ಅದು ಬಹಳ ಹಿಂದೆ ಉಳಿಯುತ್ತದೆ. ಐಐಟಿ, ಎನ್‌ಐಟಿ, ರಾಯಚೂರಿನ ಐಐಐಟಿ ಇವೆಲ್ಲಕ್ಕೂ ರ‍್ಯಾಂಕ್ ಜೊತೆ 12ನೇ ತರಗತಿಯಲ್ಲಿ ನೂರಕ್ಕೆ 75 ಅಥವಾ ಮಂಡಳಿಯ ಮೇಲಿನ 20 ಪರ್ಸೆಂಟೈಲ್ ಎಂಬ ನಿಯಮವಿದೆ. ಅವುಗಳ ಸೀಟು ಹಂಚಿಕೆ ಜೂನ್‌ನಲ್ಲೇ ಶುರುವಾಗಿರುತ್ತದೆ.

ಮೂರನೆಯದನ್ನು ಶಾಲೆಯವರು ಹೇಳುವುದೇ ಇಲ್ಲ: ಪಠ್ಯದ ಅಂತರ. ಐಬಿಯಲ್ಲಿ ಎಂಜಿನಿಯರಿಂಗ್‌ಗೆ ಹೊಂದುವ ಗಣಿತ ‘ಅನಾಲಿಸಿಸ್ ಅಂಡ್ ಅಪ್ರೋಚಸ್’ ಎಚ್‌ಎಲ್. ಕ್ಯಾಲ್ಕುಲಸ್, ವೆಕ್ಟರ್, ಕಾಂಪ್ಲೆಕ್ಸ್ ಸಂಖ್ಯೆ ಎಲ್ಲ ಗಟ್ಟಿಯಾಗಿದೆ. ಆದರೆ ಸಿಇಟಿ, ಜೆಇಇಯಲ್ಲಿ ಪ್ರತಿ ವರ್ಷ ಬರುವ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಕಾನಿಕ್ಸ್ ಅದರಲ್ಲಿಲ್ಲ. ರಸಾಯನಶಾಸ್ತ್ರದಲ್ಲಿ ನಮ್ಮ ಪಿಯು ಮಕ್ಕಳು ಅರೆಯುವ ಅಜೈವಿಕ ಭಾಗದ ಬಹುಪಾಲು ಅಲ್ಲಿ ತೆಳುವಾಗಿದೆ. ಇನ್ನು ಪರೀಕ್ಷೆಯ ಗತಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ಎಂದರೆ ಒಂದಕ್ಕೆ 80 ಸೆಕೆಂಡ್, ಕ್ಯಾಲ್ಕುಲೇಟರ್ ಇಲ್ಲದೆ. ಐಬಿ ಹುಡುಗಿ ಎರಡು ವರ್ಷ ಗ್ರಾಫಿಕ್ ಕ್ಯಾಲ್ಕುಲೇಟರ್ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಕಾರಣ ಬರೆದು ಅಭ್ಯಾಸ ಮಾಡಿಕೊಂಡಿರುತ್ತಾಳೆ. ಜಾಣೆಯಾಗಿದ್ದರೂ ಕೈ ಓಡುವುದಿಲ್ಲ.

‘ಐಬಿ ಜೊತೆಗೇ ಕೋಚಿಂಗ್ ಕೊಡಿಸಿದರೆ?’ ಎಂದು ಕೇಳಬಹುದು. ಎರಡನೇ ವರ್ಷದ ಆಗಸ್ಟ್‌ನಿಂದ ಜನವರಿವರೆಗೆ ಆರು ವಿಷಯಗಳ ಐಎ, 4000 ಪದದ ಪ್ರಬಂಧ, ಟಿಒಕೆ ಪ್ರಬಂಧ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ವಿದೇಶಿ ಅರ್ಜಿಗಳೂ ಅದೇ ತಿಂಗಳಲ್ಲಿ. ದಿನಾ ಸಂಜೆ ಮೂರು ತಾಸಿನ ನೀಟ್ ಕೋಚಿಂಗ್ ಅದರ ಮೇಲೆ ಹೊರಿಸಿದರೆ ಎರಡರಲ್ಲಿ ಒಂದು ಕುಸಿಯುತ್ತದೆ. ಸಾಮಾನ್ಯವಾಗಿ ಕುಸಿಯುವುದು ಐಎ, ಏಕೆಂದರೆ ಅದನ್ನು ಇನ್ನೊಂದು ವಾರ ಮುಂದೂಡಬಹುದು ಎನಿಸುತ್ತದೆ. ಹಾಗೆ ಮುಂದೂಡಿದ 20 ಭಾಗ ಅಂಕ ಮೇ ತಿಂಗಳಲ್ಲಿ ಎಷ್ಟೇ ಓದಿದರೂ ವಾಪಸ್ ಬರುವುದಿಲ್ಲ.

ಪೆಟ್ಟು ಬಿದ್ದರೆ ಏಳುವ ದಾರಿಯೂ ಉದ್ದ. ದ್ವಿತೀಯ ಪಿಯುಸಿಗೆ 2024ರಿಂದ ಒಂದೇ ಋತುವಿನಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟಿದ್ದಾರೆ. ಐಬಿಯಲ್ಲಿ ಮರುಪರೀಕ್ಷೆ ಎಂದರೆ ನವೆಂಬರ್ ಅಥವಾ ಮುಂದಿನ ಮೇ. ಅಷ್ಟು ಹೊತ್ತಿಗೆ ಆ ವರ್ಷದ ಸೀಟೆಲ್ಲ ಹಂಚಿಹೋಗಿರುತ್ತದೆ.

ಡಾಕ್ಟರ್ ಎಂದಾದರೆ

ನೀಟ್ ಮೂಲಕ ಎಂಬಿಬಿಎಸ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ 12ನೇ ತರಗತಿಯಲ್ಲಿ ಇರಬೇಕು. ಮೇಲೆ ಹೇಳಿದ ಆರು ಜಾಗಗಳನ್ನು ಮತ್ತೆ ಎಣಿಸಿ. ವಿಜ್ಞಾನಕ್ಕೆ ಒಂದು ಜಾಗ, ಕಲೆಯ ಜಾಗದಲ್ಲಿ ಇನ್ನೊಂದು. ಅಲ್ಲಿಗೆ ಎರಡೇ ವಿಜ್ಞಾನ. ಮೂರನೆಯದಕ್ಕೆ ಸಮಾಜ ವಿಷಯವನ್ನು ಬಿಡಬೇಕು, ಅದಕ್ಕೆ ‘ನಾನ್-ರೆಗ್ಯುಲರ್ ಡಿಪ್ಲೊಮಾ’ ಎಂಬ ವಿಶೇಷ ಅನುಮತಿ ಬೇಕು. ಒಂದು ದೇಶದ ವಿಶ್ವವಿದ್ಯಾಲಯ ಆ ವಿಷಯಗಳನ್ನೇ ಕೇಳುತ್ತದೆ ಎಂದು ತೋರಿಸಿ ಶಾಲೆಯೇ ಐಬಿ ಸಂಸ್ಥೆಯಿಂದ ಇದನ್ನು ಮೊದಲೇ ಪಡೆಯಬೇಕು. ಭಾರತದ ವೈದ್ಯಕೀಯ ಪ್ರವೇಶ ಅದಕ್ಕೆ ಒಪ್ಪುವಂಥ ಕಾರಣ. ಆದರೆ ‘ಆಮೇಲೆ ನೋಡೋಣ’ ಎಂದು ಒಂದು ಸೆಮಿಸ್ಟರ್ ಕಳೆದ ಮೇಲೆ ವಿಷಯ ಬದಲಿಸುವುದು ಬಹಳ ಕಷ್ಟ. ಶಾಲೆಯವರು ‘ಎಲ್ಲ ಆಗ್ತದೆ’ ಎಂದರೆ, ಹಿಂದಿನ ಬ್ಯಾಚುಗಳಲ್ಲಿ ಎಷ್ಟು ಮಕ್ಕಳಿಗೆ ಈ ಅನುಮತಿ ತಂದಿದ್ದೀರಿ ಎಂದು ಕೇಳಿ.

ಅನುಮತಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಮೂರು ವಿಜ್ಞಾನವನ್ನು ಎಚ್‌ಎಲ್‌ನಲ್ಲಿ, ಗಣಿತವನ್ನು ಎಸ್‌ಎಲ್‌ನಲ್ಲಿ, ಎರಡು ಭಾಷೆ, ಪ್ರಬಂಧ, ಇದರ ನಡುವೆ ಮೇ ಮೊದಲ ಭಾನುವಾರ 180 ಪ್ರಶ್ನೆಯ ನೀಟ್. ಇಷ್ಟೆಲ್ಲ ಮಾಡಿ ಬೇಕಾಗಿರುವುದು ರಾಯಚೂರಿನ ರಿಮ್ಸ್‌ನಲ್ಲೋ ಕೊಪ್ಪಳದ ಕಿಮ್ಸ್‌ನಲ್ಲೋ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೋ 371-ಜೆ ಅಡಿ ಒಂದು ಸೀಟು. ಆ ಸೀಟಿಗೆ ಪಿಯುಸಿಯೇ ನೇರ ದಾರಿ. ಇದರಲ್ಲಿ ನನಗೆ ಅನುಮಾನವಿಲ್ಲ. ಡಾಕ್ಟರ್ ಎಂಬ ಆಸೆ ಗಟ್ಟಿಯಾಗಿದ್ದರೆ ಐಬಿಗೆ 24 ಲಕ್ಷ ಸುರಿಯುವುದು ಗೇರ್ ಬದಲಿಸಿ ಬ್ರೇಕ್ ಒತ್ತಿದ ಹಾಗೆ. ವಿದೇಶದಲ್ಲಿ ಎಂಬಿಬಿಎಸ್ ಓದಿ ಇಲ್ಲಿ ವೃತ್ತಿ ಮಾಡಬೇಕೆಂದರೂ ನೀಟ್ ಅರ್ಹತೆ ಬೇಕೇ ಬೇಕು, ಅದನ್ನು ಮರೆಯಬೇಡಿ.

ಕಂಪ್ಯೂಟರ್ ಎಂದಾದರೆ, ಎಲ್ಲಿ?

ಇಲ್ಲಿ ಐಬಿಗೆ ಅರ್ಥ ಬರುತ್ತದೆ, ಆದರೆ ಓದು ವಿದೇಶದಲ್ಲಿ ಎಂದು ಮೊದಲೇ ತೀರ್ಮಾನವಾಗಿದ್ದರೆ ಮಾತ್ರ.

ವಿಷಯಗಳ ಜೋಡಣೆ ಹೀಗಿರಲಿ: ಗಣಿತ ‘ಅನಾಲಿಸಿಸ್’ ಎಚ್‌ಎಲ್, ಭೌತಶಾಸ್ತ್ರ ಎಚ್‌ಎಲ್, ರಸಾಯನಶಾಸ್ತ್ರ ಎಚ್‌ಎಲ್, ಎಸ್‌ಎಲ್‌ನಲ್ಲಿ ಇಂಗ್ಲಿಷ್, ಹಿಂದಿ ಮತ್ತು ಅರ್ಥಶಾಸ್ತ್ರ. ಕಂಪ್ಯೂಟರ್ ಸೈನ್ಸ್ ಯಾಕೆ ಇಲ್ಲ ಎಂದು ಮಗಳು ಮುಖ ಸಿಂಡರಿಸಬಹುದು. ಕಂಪ್ಯೂಟರ್ ಪದವಿಗೆ ಒಳ್ಳೆಯ ವಿಶ್ವವಿದ್ಯಾಲಯಗಳು ಮೊದಲು ನೋಡುವುದು ಗಣಿತ, ಕಂಪ್ಯೂಟರ್ ವಿಷಯ ಇದ್ದೇ ಇರಬೇಕೆಂದು ಸಾಮಾನ್ಯವಾಗಿ ಕೇಳುವುದಿಲ್ಲ. ರಸಾಯನಶಾಸ್ತ್ರ ಇಟ್ಟುಕೊಂಡರೆ ಕಾಮೆಡ್-ಕೆ, ಖಾಸಗಿ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಗಳಾದರೂ ಉಳಿಯುತ್ತವೆ. ‘ಅಪ್ಲಿಕೇಶನ್ಸ್’ ಎಂಬ ಇನ್ನೊಂದು ಗಣಿತವಿದೆ. ಅದರ ಎಸ್‌ಎಲ್ ಹಿಡಿದರೆ ಅಂಕ ಸುಲಭ ಎಂದು ಗೆಳತಿಯರು ಹೇಳಿದರೆ ಕೇಳಬೇಡಿ. ಎಂಜಿನಿಯರಿಂಗ್‌ಗೆ ಅದರಿಂದ ಬಾಗಿಲು ಮುಚ್ಚುತ್ತದೆ.

‘ಡೈರೆಕ್ಟ್ ಸಿಗ್ತದ’ ಎಂಬ ನಿಮ್ಮ ಭಾವಮೈದನ ಮಾತು ದೇಶಕ್ಕೊಂದು ರೀತಿ. ಇಂಗ್ಲೆಂಡಿನಲ್ಲಿ ಶಾಲೆ ಕೊಡುವ ಅಂದಾಜು ಅಂಕದ ಮೇಲೆ ಷರತ್ತಿನ ಸೀಟು ಸಿಗುತ್ತದೆ. ಜುಲೈನಲ್ಲಿ ಆ ಅಂಕ ಬರದಿದ್ದರೆ ಸೀಟು ಹೋಗಬಹುದು. ಕೇಂಬ್ರಿಜ್‌ನಂಥ ಕಡೆ 41 ಅಥವಾ 42, ಎಚ್‌ಎಲ್‌ಗಳಲ್ಲಿ 7, 7, 6 ಕೇಳುತ್ತಾರೆ. ಅದಕ್ಕಿಂತ ಕೆಳಗೆ 30ರಿಂದ 36ರೊಳಗೆ ಒಪ್ಪುವ ಒಳ್ಳೆಯ ವಿಶ್ವವಿದ್ಯಾಲಯಗಳು ಅನೇಕ. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ವೈದ್ಯಕೀಯ ಕೋರ್ಸಿನ ಅರ್ಜಿ ಅಕ್ಟೋಬರ್ ಮಧ್ಯಕ್ಕೆ, ಉಳಿದವು ಜನವರಿಯಲ್ಲಿ ಮುಗಿಯುತ್ತವೆ. ಅಮೆರಿಕದಲ್ಲಿ ಐಬಿ ಇರಲೇಬೇಕೆಂದಿಲ್ಲ. ಪಿಯುಸಿಯೂ ನಡೆಯುತ್ತದೆ, ಎಸ್‌ಎಟಿ ಎಂಬ ಅಲ್ಲಿನ ಪ್ರವೇಶ ಪರೀಕ್ಷೆ ಮತ್ತು ಇಂಗ್ಲಿಷ್ ಪರೀಕ್ಷೆಯ ಜೊತೆ. ಐಬಿಯ ಎಚ್‌ಎಲ್ ಅಂಕ ಚೆನ್ನಾಗಿದ್ದರೆ ಕೆಲವು ವಿಶ್ವವಿದ್ಯಾಲಯಗಳು ಮೊದಲ ವರ್ಷದ ಕೆಲವು ಕೋರ್ಸುಗಳನ್ನು ಮನ್ನಾ ಮಾಡುತ್ತವೆ, ಅಷ್ಟೇ.

ಐಬಿಗೆ ದುಡ್ಡಿಗೆ ತಕ್ಕ ಬೆಲೆ ಬರುವ ದೇಶ ಎಂದರೆ ಜರ್ಮನಿ. ಅಲ್ಲಿ ಬರೀ ಭಾರತದ 12ನೇ ತರಗತಿ ಹಿಡಿದು ನೇರ ಪದವಿಗೆ ಹೋಗಲಾಗದು. ಇಲ್ಲಿ ಒಂದು ವರ್ಷ ಪದವಿ ಓದಿರಬೇಕು ಅಥವಾ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು. ಐಬಿ ಡಿಪ್ಲೊಮಾ ಇದ್ದರೆ ನೇರ ಪ್ರವೇಶ ಸಾಧ್ಯ, ವಿಷಯಗಳ ಜೋಡಣೆ ಅವರ ನಿಯಮಕ್ಕೆ ಹೊಂದಿದರೆ: ಎರಡು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಷಯ ಇರಬೇಕು, ಗಣಿತ ಅಥವಾ ವಿಜ್ಞಾನ ಒಂದಾದರೂ ಎಚ್‌ಎಲ್‌ನಲ್ಲಿರಬೇಕು, ಸಾಮಾನ್ಯವಾಗಿ ಎಲ್ಲದರಲ್ಲೂ ಕನಿಷ್ಠ 4 ಬರಬೇಕು. ಸಮಾಜ ವಿಷಯ ಬಿಟ್ಟ ವೈದ್ಯಕೀಯ ಜೋಡಣೆ ಇಲ್ಲಿ ಎಡವುತ್ತದೆ ಎಂಬುದನ್ನು ಗಮನಿಸಿ. ಎರಡೂ ಬಾಗಿಲು ಎಂಬ ಆಸೆ ಮುರಿಯುವುದು ಇಂಥ ಕಡೆಯೇ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ, ಆದರೆ ಬದುಕಿನ ಖರ್ಚಿಗೆ ವರ್ಷಕ್ಕೆ 11,904 ಯೂರೋ ಬ್ಯಾಂಕ್ ಖಾತೆಯಲ್ಲಿ ಇಟ್ಟು ತೋರಿಸಬೇಕು. ಪದವಿ ಮಟ್ಟದಲ್ಲಿ ಪಾಠ ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ.

ಕೇಂಬ್ರಿಜ್ ಎ-ಲೆವೆಲ್ ಬಗ್ಗೆ ಯಾರೂ ನಿಮಗೆ ಹೇಳಿದಂತಿಲ್ಲ. ಹೇಳಬೇಕಿತ್ತು. ಅಲ್ಲಿ ಮೂರು ಅಥವಾ ನಾಲ್ಕೇ ವಿಷಯ, ಜೋಡಣೆಗೆ ಕಟ್ಟುಪಾಡಿಲ್ಲ. ಭೌತ, ರಸಾಯನ, ಜೀವ, ಗಣಿತ ನಾಲ್ಕನ್ನೂ ಯಾರ ಅನುಮತಿಯೂ ಇಲ್ಲದೆ ಓದಬಹುದು. ಭಾರತಕ್ಕೆಂದೇ ಮಾರ್ಚ್ ಪರೀಕ್ಷೆ ಇದೆ, ಫಲಿತಾಂಶ ಮೇ ತಿಂಗಳಲ್ಲಿ ಬರುತ್ತದೆ. ನಮ್ಮ ಕ್ಯಾಲೆಂಡರಿಗೆ ಇದು ಐಬಿಗಿಂತ ಚೆನ್ನಾಗಿ ಹೊಂದುತ್ತದೆ. ಪಠ್ಯದ ಅಂತರ, ನೀಟ್ ತಯಾರಿಯ ಭಾರ ಇಲ್ಲೂ ತಪ್ಪುವುದಿಲ್ಲ. ನೀವು ನೋಡಿದ ಶಾಲೆಗಳಲ್ಲಿ ಇದೂ ಇದೆಯೇ, ಮಾರ್ಚ್ ಪರೀಕ್ಷೆಗೆ ಕೂರಿಸುತ್ತಾರೆಯೇ, ಎರಡನ್ನೂ ಕೇಳಿ.

ಶಾಲೆಯಲ್ಲಿ ಕೇಳಬೇಕಾದ್ದು

ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇದ್ದ ಮಾತ್ರಕ್ಕೆ ಐಬಿ ಆಗುವುದಿಲ್ಲ. ನಮ್ಮ ಬಳ್ಳಾರಿ, ಹೊಸಪೇಟೆ ರಸ್ತೆಗಳಲ್ಲೇ ಆ ಹೆಸರಿನ ಬೋರ್ಡು ಬೇಕಾದಷ್ಟಿವೆ, ಒಳಗೆ ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯ ಇರುತ್ತದೆ. ಐಬಿ ಸಂಸ್ಥೆಯ ಜಾಲತಾಣದಲ್ಲಿ ಶಾಲೆಯ ಹೆಸರು ಹುಡುಕಿ, ‘ಡಿಪ್ಲೊಮಾ ಪ್ರೋಗ್ರಾಂ’ಗೆ ಮಾನ್ಯತೆ ಇದೆಯೇ ನೋಡಿ. ‘ಕ್ಯಾಂಡಿಡೇಟ್ ಸ್ಕೂಲ್’ ಎಂದಿದ್ದರೆ ಮಾನ್ಯತೆ ಇನ್ನೂ ಸಿಕ್ಕಿಲ್ಲ ಎಂದರ್ಥ.

ಕಟ್ಟಡ, ಈಜುಕೊಳ ತೋರಿಸುತ್ತಾರೆ, ನೋಡಿ ಸಂತೋಷಪಡಿ. ಆಮೇಲೆ ಡಿಪ್ಲೊಮಾ ಕೋ-ಆರ್ಡಿನೇಟರ್ ಎದುರು ಕೂತು ಕೇಳಿ: ಎಷ್ಟು ಬ್ಯಾಚ್ ಹೊರಬಂದಿವೆ? ಕಳೆದ ಮೂರು ವರ್ಷದ ಸರಾಸರಿ ಎಷ್ಟು? ಅಂದಾಜು ಅಂಕಕ್ಕೂ ಅಂತಿಮ ಅಂಕಕ್ಕೂ ಎಷ್ಟು ಅಂತರ ಬಂತು? ಎಷ್ಟು ಮಕ್ಕಳಿಗೆ ಡಿಪ್ಲೊಮಾ ತಪ್ಪಿತು? ಭೌತಶಾಸ್ತ್ರ ಮತ್ತು ಗಣಿತದ ಎಚ್‌ಎಲ್ ಮೇಷ್ಟ್ರು ಈ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಅಂದಾಜು ಅಂಕದ ಅಂತರ ಬಹಳ ಮುಖ್ಯ. ಶಾಲೆ 40 ಬರೆದುಕೊಟ್ಟು ಕೊನೆಗೆ 33 ಬಂದರೆ ಷರತ್ತಿನ ಸೀಟೆಲ್ಲ ಗಾಳಿಗೆ. ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ ನೀವೂ ಹಿಂದೆಮುಂದೆ ನೋಡಿ.

ಹೈದರಾಬಾದೋ ಬೆಂಗಳೂರೋ ಎಂಬುದು ಇವುಗಳ ಮುಂದೆ ಸಣ್ಣದು. ಭಾಷೆಯ ವಿಷಯದಲ್ಲಿ ಒಂದು ಮಾತು ಮಾತ್ರ: ಎರಡನೇ ಭಾಷೆಗೆ ಯಾವುದಿದೆ, ಮಗಳ ಹಿಂದಿ ಯಾವ ಮಟ್ಟದ್ದು ಎಂದು ಮೊದಲೇ ನೋಡಿ. ಹಿಂದಿ ಕಷ್ಟವಿದ್ದರೆ, ಹೊಸ ಭಾಷೆಯನ್ನು ಸೊನ್ನೆಯಿಂದ ಶುರು ಮಾಡುವ ‘ಅಬ್ ಇನಿಷಿಯೊ’ ಕೋರ್ಸ್ ಇರುತ್ತದೆ. ಫ್ರೆಂಚ್ ಅಥವಾ ಸ್ಪ್ಯಾನಿಷ್ ಬಹಳ ಶಾಲೆಗಳಲ್ಲಿ ಸಿಗುತ್ತದೆ.

ನಿಮ್ಮ ಮಗಳ ವಿಷಯಕ್ಕೆ ಬಂದರೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಐಬಿ ತರಗತಿ ಶುರುವಾಗುವ ಜುಲೈ, ಆಗಸ್ಟ್‌ವರೆಗೆ ಮೂರ್ನಾಲ್ಕು ತಿಂಗಳು ಇರುತ್ತವೆ. ಪಿಯು ಕಾಲೇಜುಗಳು ಅದಕ್ಕಿಂತ ಮುಂಚೆ ಶುರು. ಹಾಗಾಗಿ ಡಾಕ್ಟರೋ ಕಂಪ್ಯೂಟರೋ ಎಂಬುದು ಮೇ ಹೊತ್ತಿಗೆ ತೀರ್ಮಾನವಾಗಬೇಕು. ಆಗಲೂ ಎರಡು ಮನಸ್ಸಿದ್ದರೆ ಪಿಯುಸಿ ಪಿಸಿಎಂಬಿಗೆ ಹಾಕಿ. ಅವಳ ಆಸೆ ಅಸ್ಪಷ್ಟವಾಗಿರುವುದು ತಪ್ಪಲ್ಲ, ಹದಿನೈದರ ವಯಸ್ಸಿಗೆ ಅದು ಸಹಜ. ಆ ವಯಸ್ಸಿಗೆ ಹೊಂದುವ ಏರ್ಪಾಡು ಪಿಸಿಎಂಬಿಯಲ್ಲಿದೆ. ಅಲ್ಲಿಂದಲೂ ಅಮೆರಿಕಕ್ಕೆ ಅರ್ಜಿ ಹಾಕಬಹುದು. ಇಂಗ್ಲೆಂಡಿನ ಕೆಲವು ವಿಶ್ವವಿದ್ಯಾಲಯಗಳು ನೇರವಾಗಿ, ಕೆಲವು ಒಂದು ವರ್ಷದ ಫೌಂಡೇಶನ್ ಜೊತೆ ತೆಗೆದುಕೊಳ್ಳುತ್ತವೆ. ಐಬಿಗೆ ಹಾಕದೆ ಉಳಿದ ದುಡ್ಡು ಆಗ ಆ ಓದಿನ ಖರ್ಚಿಗೆ ಒದಗುತ್ತದೆ.

ಕಂಪ್ಯೂಟರ್, ಅದೂ ವಿದೇಶ ಎಂದು ನಿರ್ಧಾರವಾಗಿ, ಐಬಿಯ 24 ಲಕ್ಷದ ಮೇಲೆ ಪದವಿಯ ಖರ್ಚನ್ನೂ ಗಿರಣಿಯ ದುಡಿಮೆ ಬಂಡವಾಳಕ್ಕೆ ಕೈ ಹಾಕದೆ ಹೊಂದಿಸಬಲ್ಲಿರಾದರೆ ಐಬಿ ಯೋಗ್ಯ ಆಯ್ಕೆ. ಸೇರಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಅವಳಿಗೆ ಅವಳದೇ ಆಸಕ್ತಿಯ ಒಂದು ಪ್ರಶ್ನೆ ಕೊಡಿ, ಉದಾಹರಣೆಗೆ ಗಿರಣಿಯಲ್ಲಿ ಭತ್ತದ ತೇವಾಂಶ ಬದಲಾದರೆ ನುಚ್ಚು ಎಷ್ಟು ಬದಲಾಗುತ್ತದೆ ಎಂದು. ಹತ್ತು ದಿನ ಕೊಡಿ, ಅಳತೆ ತೆಗೆದು, ಎರಡು ಪುಟ ಇಂಗ್ಲಿಷಿನಲ್ಲಿ ತಾನೇ ಬರೆಯಲಿ. ಐಎ ಎಂದರೆ ಹೆಚ್ಚುಕಡಿಮೆ ಇದೇ. ಹತ್ತನೇ ದಿನ ಅವಳ ಮುಖ ನೋಡಿದರೆ ನಿಮಗೆ ಅರ್ಧ ಉತ್ತರ ಸಿಗುತ್ತದೆ.

ಯಾವ ದಾರಿ ಹಿಡಿದರೂ ಶಾಲೆ ಬಿಡುವ ಮುನ್ನ ಕೆಲವು ಕಾಗದ ಮಾಡಿಸಿಟ್ಟುಕೊಳ್ಳಿ. ಒಂದರಿಂದ ಹತ್ತರವರೆಗಿನ ಸ್ಟಡಿ ಸರ್ಟಿಫಿಕೇಟ್ ವರ್ಷವಾರು ಬರೆದು ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಸಮೇತ. ಶಾಲೆ ಹಳ್ಳಿಯದಾದರೆ ಗ್ರಾಮೀಣ ನಮೂನೆಯೂ ಅದರ ಜೊತೆಗೇ. 371-ಜೆ ಪ್ರಮಾಣಪತ್ರಕ್ಕೆ ತಹಶೀಲ್ದಾರ್ ಕಚೇರಿಯ ವರದಿ ಹೋಗಿ ಕೊಪ್ಪಳದ ಸಹಾಯಕ ಆಯುಕ್ತರ ಸಹಿಯಾಗಬೇಕು. ಹನ್ನೆರಡನೆಯದು ಮುಗಿದ ಮೇಲೆ ಹೋದರೆ ಇಡೀ ಜಿಲ್ಲೆಯ ಮಕ್ಕಳು ಅದೇ ಸಾಲಿನಲ್ಲಿರುತ್ತಾರೆ. ತಂದೆಯ, ಮಗಳ ಹೆಸರಿನ ಕಾಗುಣಿತ ಟಿಸಿ, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂರರಲ್ಲೂ ಒಂದೇ ಇದೆಯೇ ಎಂದು ಈಗಲೇ ನೋಡಿ. ಐಬಿ ನೋಂದಣಿ, ಪಾಸ್‌ಪೋರ್ಟ್, ಎಐಯು ಸಮಾನತೆಯ ಅರ್ಜಿ, ಎಲ್ಲದರಲ್ಲೂ ಮೊದಲು ತಡೆಯುವುದು ಈ ಒಂದು ಅಕ್ಷರದ ವ್ಯತ್ಯಾಸವೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುದ್ರಣವಾದ ಮೇಲೆ ಅದನ್ನು ತಿದ್ದಿಸಲು ತಿಂಗಳುಗಳೇ ಹಿಡಿಯುತ್ತವೆ.